ಆಧುನಿಕ ಕಾಲದಲ್ಲಿ ಯಹೂದಿ ಧರ್ಮ: ಬದಲಾದದ್ದು ಏನು, ಯಾಕೆ?

ಮೂರನೇ ಪುಟ:

ಈ ವಿಷಯದ ಬಗ್ಗೆ ಎಲ್ಲಿ ಓದಿದರೂ ಒಂದೇ ವಿವರಣೆ ಸಿಗುತ್ತದೆ. ಆರ್ಥೊಡಾಕ್ಸ್ ಎಂದರೆ ಹಿಂದಿನಿಂದ ಇದ್ದ ಹಾಗೇ ಉಳಿದುಬಂದ ಯಹೂದಿ ಧರ್ಮ, ರಿಫಾರ್ಮ್ ಎಂದರೆ 19ನೇ ಶತಮಾನದಲ್ಲಿ ಅದರಿಂದ ಒಡೆದುಹೋದದ್ದು, ಕನ್ಸರ್ವೇಟಿವ್ ಎಂದರೆ ಇವೆರಡರ ನಡುವಿನದ್ದು. ನನಗೆ ಇದು ಯಾಕೋ ಸರಿ ಕೂರುತ್ತಿಲ್ಲ. ಏನೂ ಬದಲಾಗದೆ ಬಂದದ್ದಾದರೆ ಲಿಫ್ಟು, ಕರೆಂಟು, ಯಂತ್ರದಲ್ಲಿ ಬೇಯಿಸಿದ ರೊಟ್ಟಿ ಇವುಗಳ ಮೇಲೆ ಅಷ್ಟೊಂದು ತೀರ್ಪುಗಳು ಬಂದದ್ದು ಹೇಗೆ?

ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಪಂಗಡಗಳು ಒಡೆದದ್ದು ಯಾವಾಗ, ಯಾವ ಕಾರಣಕ್ಕೆ? ಹೊಸ ತಂತ್ರಜ್ಞಾನ ಬಂದಾಗ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಯಾವ ಲೆಕ್ಕದಲ್ಲಿ ಹೂಂ ಅಥವಾ ಊಹೂಂ ಅನ್ನುತ್ತಾರೆ? ಮತ್ತೆ, ಯಾರು ಯಹೂದಿ ಎನ್ನುವ ಜಗಳ ಇವತ್ತಿಗೂ ಯಾಕೆ ಮುಗಿದಿಲ್ಲ? ಸಾರಾಂಶ ಬೇಡ, ವಿವರವೇ ಬೇಕು.

ಹಳೆ ದಸ್ತಾವೇಜು:

ಮೊದಲ ಪ್ರಶ್ನೆಗೆ ಹೇಳುತ್ತೇನೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಂಬಿಕೆ ಬದಲಾಗುವುದಕ್ಕೂ ಮೊದಲು ಬದಲಾದದ್ದು ಅಧಿಕಾರ. ಅದನ್ನು ಬಿಟ್ಟು ಸಿದ್ಧಾಂತದಿಂದ ಶುರು ಮಾಡಿದರೆ ಕಥೆ ತಲೆಕೆಳಗಾಗುತ್ತದೆ.

18ನೇ ಶತಮಾನದ ಕೊನೆಯವರೆಗೂ ಯುರೋಪಿನ ಯಹೂದಿಗಳು ಒಬ್ಬೊಬ್ಬರಾಗಿ ಪ್ರಜೆಗಳಾಗಿರಲಿಲ್ಲ. ಊರಿನ ಯಹೂದಿ ಸಮುದಾಯ, ಅಂದರೆ ಕೆಹಿಲ್ಲಾ, ಒಂದು ಕಾನೂನುಬದ್ಧ ಘಟಕವಾಗಿತ್ತು. ತೆರಿಗೆ ಎತ್ತಿ ರಾಜನಿಗೆ ಕಟ್ಟುವುದು, ನ್ಯಾಯ ತೀರಿಸುವುದು, ಮಾಂಸದ ಅಂಗಡಿ, ಸ್ಮಶಾನ, ಶಾಲೆ ಎಲ್ಲವೂ ಅದರ ಕೈಯಲ್ಲಿ. ಮಾತು ಮೀರಿದವನಿಗೆ ಹೇರೆಮ್, ಅಂದರೆ ಬಹಿಷ್ಕಾರ. ಅವನ ಜೊತೆ ಯಾರೂ ವ್ಯಾಪಾರ ಮಾಡುವಂತಿಲ್ಲ, ಕೂತು ಉಣ್ಣುವಂತಿಲ್ಲ. 1656ರಲ್ಲಿ ಆಮ್‌ಸ್ಟರ್‌ಡ್ಯಾಮ್ ಸಮುದಾಯ ತತ್ವಜ್ಞಾನಿ ಸ್ಪಿನೋಜನನ್ನು ಹೊರಹಾಕಿದ್ದು ಇದೇ ಅಧಿಕಾರದಿಂದ. ಹೊರಬಿದ್ದವನಿಗೆ ಸಾಮಾನ್ಯವಾಗಿ ಉಳಿಯುತ್ತಿದ್ದ ದಾರಿ ಕ್ರೈಸ್ತನಾಗುವುದು ಮಾತ್ರ. ಸ್ಪಿನೋಜ ಯಾವ ಕಡೆಗೂ ಸೇರದೆ ಬದುಕಿದ, ಆದರೆ ಅಂಥವರು ಬೆರಳೆಣಿಕೆ.

ಈ ವ್ಯವಸ್ಥೆಯನ್ನು ಕಿತ್ತದ್ದು ರಬ್ಬಿಗಳೂ ಅಲ್ಲ, ಸುಧಾರಕರೂ ಅಲ್ಲ, ಆಧುನಿಕ ರಾಜ್ಯ. ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ 1789ರ ಡಿಸೆಂಬರಿನಲ್ಲಿ ಕ್ಲೆರ್ಮೋಂ-ತೊನ್ನೆರ್ ಮಂಡಿಸಿದ ವಾದ ನೇರವಾಗಿತ್ತು: ಪ್ರತ್ಯೇಕ ಜನಾಂಗವೆಂದು ಯಹೂದಿಗಳಿಗೆ ಏನೂ ಕೊಡಬಾರದು, ವ್ಯಕ್ತಿಗಳಾಗಿ ಎಲ್ಲವನ್ನೂ ಕೊಡಬೇಕು. 1791ರ ಸೆಪ್ಟೆಂಬರಿನಲ್ಲಿ ಪೂರ್ಣ ಪೌರತ್ವ ಬಂತು. 1806ರಲ್ಲಿ ನೆಪೋಲಿಯನ್ ಯಹೂದಿ ಪ್ರಮುಖರನ್ನು ಕರೆಸಿ 12 ಪ್ರಶ್ನೆ ಕೇಳಿದ. ಒಬ್ಬನಿಗೆ ಒಬ್ಬಳಿಗಿಂತ ಹೆಚ್ಚು ಹೆಂಡತಿಯರು ಇರಬಹುದೇ, ಫ್ರೆಂಚರನ್ನು ಸೋದರರೆಂದು ಕಾಣುತ್ತೀರಾ, ಬಡ್ಡಿ ವಿಷಯ ಏನು, ಈ ಧಾಟಿಯವು. ಮರುವರ್ಷ 71 ಸದಸ್ಯರ ಮಹಾ ಸನ್ಹೆದ್ರಿನ್, ಅಂದರೆ ಧರ್ಮಸಭೆ, ಕೂರಿಸಿ ಆ ಉತ್ತರಗಳಿಗೆ ಧಾರ್ಮಿಕ ಮೊಹರು ಹಾಕಿಸಿದ. ಅಲ್ಲಿ ಒಪ್ಪಿದ ಒಂದು ಅಂಶ ಮುಂದೆ ಬಹಳ ದೂರ ಹೋಯಿತು: ಸರ್ಕಾರಿ ವಿವಾಹ ಆದ ಮೇಲೆಯೇ ಧಾರ್ಮಿಕ ವಿವಾಹ, ಸರ್ಕಾರಿ ವಿಚ್ಛೇದನ ಆದ ಮೇಲೆಯೇ ಧಾರ್ಮಿಕ ವಿಚ್ಛೇದನ. ರಷ್ಯಾದಲ್ಲಿ ಕಹಾಲ್ (ಕೆಹಿಲ್ಲಾದ ಆಡಳಿತ ಮಂಡಳಿ) ರದ್ದಾದದ್ದು 1844ರಲ್ಲಿ, ಅದೂ ಪೌರತ್ವದ ಮಾತೇ ಇಲ್ಲದೆ.

ಅಲ್ಲಿಂದಾಚೆಗೆ ಧರ್ಮಪಾಲನೆ ಐಚ್ಛಿಕವಾಯಿತು. ಬೇಡವೆಂದವನನ್ನು ಹಿಡಿದು ನಿಲ್ಲಿಸುವವರಿಲ್ಲ. ಹಾಗಾದ ಮೇಲೆ ಜನರನ್ನು ಉಳಿಸಿಕೊಳ್ಳುವುದು ಹೇಗೆ? ನೀವು ಹೇಳಿದ ಪಂಗಡಗಳೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು, ಆರ್ಥೊಡಾಕ್ಸ್ ಕೂಡ.

ರಿಫಾರ್ಮಿನ ಉತ್ತರ ಪೂಜಾವಿಧಿಯಿಂದ ಶುರುವಾಯಿತು. 1810ರಲ್ಲಿ ಜೇಸೆನ್ ಊರಿನಲ್ಲಿ ಇಸ್ರೇಲ್ ಯಾಕೊಬ್‌ಸನ್ ಕಟ್ಟಿಸಿದ ದೇವಾಲಯದಲ್ಲಿ ಆರ್ಗನ್ ವಾದ್ಯ ಇತ್ತು. 1818ರ ಹ್ಯಾಂಬರ್ಗ್ ದೇವಾಲಯ ಜರ್ಮನ್ ಪ್ರಾರ್ಥನೆ ಸೇರಿಸಿತು, ಜೆರುಸಲೇಮಿಗೆ ಮರಳುವುದು ಮತ್ತು ಬಲಿಪೂಜೆ ಮತ್ತೆ ಶುರುವಾಗುವುದನ್ನು ಬೇಡುವ ಸಾಲುಗಳನ್ನು ಬಿಟ್ಟಿತು ಅಥವಾ ತಿದ್ದಿತು. ಊರಿನ ರಬ್ಬಿ ನ್ಯಾಯಾಲಯ ಮರುವರ್ಷವೇ ಖಂಡನೆಗಳ ಸಂಪುಟ ಅಚ್ಚು ಹಾಕಿಸಿತು. ಆರ್ಗನ್ ವಿಷಯಕ್ಕೆ ಇಷ್ಟು ರಂಪ ಯಾಕೆಂದರೆ ಅದರಲ್ಲಿ ಮೂರು ಆಕ್ಷೇಪ ಒಟ್ಟಿಗೆ ಇದ್ದವು. ಶಬ್ಬತ್ ದಿನ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿ ದಿನ) ವಾದ್ಯ ನುಡಿಸಿದರೆ, ಕೆಟ್ಟಾಗ ರಿಪೇರಿಗೆ ಕೈ ಹಾಕುವ ಅಪಾಯ ಇದೆಯೆಂದು ಹಳೆಯ ನಿಷೇಧ. ಜೆರುಸಲೇಮಿನ ದೇವಾಲಯ ಬಿದ್ದ ದುಃಖಕ್ಕೆ ಆರಾಧನೆಯಲ್ಲಿ ವಾದ್ಯ ಬೇಡವೆಂಬ ರೂಢಿ. ಮೂರನೆಯದು, ಇದು ಚರ್ಚಿನ ನಕಲು. ಯಹೂದಿಯಲ್ಲದವನ ಕೈಯಲ್ಲಿ ನುಡಿಸಿದರೆ ಮೊದಲನೆಯದಕ್ಕೆ ಒಂದು ದಾರಿ ಸಿಗುತ್ತದೆ, ಉಳಿದೆರಡಕ್ಕೆ ಸಿಗುವುದಿಲ್ಲ.

1845ರ ಫ್ರಾಂಕ್‌ಫರ್ಟ್ ರಬ್ಬಿಗಳ ಸಮ್ಮೇಳನದಲ್ಲಿ ಪ್ರಾರ್ಥನೆಗೆ ಹೀಬ್ರೂ ನಿಜಕ್ಕೂ ಅಗತ್ಯವೇ ಎಂದು ಮತಕ್ಕೆ ಹಾಕಿದಾಗ ಜಖರಿಯಾಸ್ ಫ್ರಾಂಕೆಲ್ ಎದ್ದು ಹೋದ. 1854ರಲ್ಲಿ ಬ್ರೆಸ್ಲಾವಿನಲ್ಲಿ ಅವನ ನೇತೃತ್ವದಲ್ಲಿ ಶುರುವಾದ ವಿದ್ಯಾಲಯವೇ ಕನ್ಸರ್ವೇಟಿವ್ ಧಾರೆಯ ಬೇರು. ಸಂಶೋಧನೆಗೆ ಅಡ್ಡಿ ಇಲ್ಲ, ಆದರೆ ಆಚರಣೆಯನ್ನು ಸಭೆಯಲ್ಲಿ ಕೈ ಎತ್ತಿ ಬದಲಿಸುವಂತಿಲ್ಲ, ಅದು ಸಮುದಾಯದ ಬದುಕಿನಲ್ಲಿ ನಿಧಾನವಾಗಿ ಬದಲಾಗಬೇಕು ಎಂಬುದು ಅವನ ನಿಲುವು.

ಇನ್ನು ಆರ್ಥೊಡಾಕ್ಸ್. ಇಲ್ಲೇ ಹೆಚ್ಚಿನವರು ಎಡವುವುದು. ಪ್ರೆಸ್‌ಬರ್ಗಿನ ರಬ್ಬಿ ಮೋಶೆ ಸೋಫರ್ (1762–1839) ಹೊಸದೆಲ್ಲವೂ ತೋರಾದ (ಯಹೂದಿ ಧರ್ಮಗ್ರಂಥದ) ಪ್ರಕಾರ ನಿಷಿದ್ಧ ಎಂದು ಘೋಷಿಸಿದರಲ್ಲ, ಆ ಘೋಷಣೆಯೇ ಹೊಸದು. ಹಿಂದಿನ ರಬ್ಬಿಗಳು ಊರಿನ ರೂಢಿಯನ್ನು ಸಡಿಲವಾಗಿಯೋ ಬಿಗಿಯಾಗಿಯೋ ನಡೆಸಿಕೊಂಡು ಹೋಗುತ್ತಿದ್ದರು. ರೂಢಿಗೆ ಪ್ರತಿಸ್ಪರ್ಧಿ ಹುಟ್ಟಿದ ಮೇಲೆ ಅದನ್ನೇ ಸಿದ್ಧಾಂತ ಮಾಡಬೇಕಾಯಿತು. 1865ರಲ್ಲಿ ಹಂಗೆರಿಯ ಮಿಖಾಲೊವ್ಸೆಯಲ್ಲಿ ಕಟ್ಟಾ ಗುಂಪು ಹೊರಡಿಸಿದ ಒಂಬತ್ತು ಅಂಶಗಳ ತೀರ್ಪು ನೋಡಿ. ಸ್ಥಳೀಯ ಭಾಷೆಯಲ್ಲಿ ಪ್ರವಚನ ಕೂಡದು, ತೋರಾ ಓದುವ ವೇದಿಕೆ ನಡುವೆಯೇ ಇರಬೇಕು, ಸಿನಗಾಗಿಗೆ (ಪ್ರಾರ್ಥನಾಮಂದಿರಕ್ಕೆ) ಗೋಪುರ ಕೂಡದು, ಗಾಯಕವೃಂದ ಕೂಡದು. ಇವುಗಳಲ್ಲಿ ಹಲವಕ್ಕೆ ಹಳೆಯ ನ್ಯಾಯಗ್ರಂಥಗಳಲ್ಲಿ ಗಟ್ಟಿ ಆಧಾರ ಸಿಗುವುದಿಲ್ಲ. ಸುಧಾರಕರು ಏನೇನು ಮಾಡಿದರೋ ಅದರ ಪಟ್ಟಿ ಮಾಡಿ ಎದುರಿಗೆ ಊಹೂಂ ಬರೆದ ಹಾಗಿದೆ.

ಫ್ರಾಂಕ್‌ಫರ್ಟಿನ ಸ್ಯಾಮ್ಸನ್ ರಫಾಯೆಲ್ ಹಿರ್ಷ್ (1808–1888) ಇನ್ನೊಂದು ಬಗೆ. ಜರ್ಮನ್ ಶಿಕ್ಷಣ, ಉಡುಪು, ಸಾಹಿತ್ಯ ಎಲ್ಲ ಇರಲಿ, ಹಲಾಖಾದಲ್ಲಿ, ಅಂದರೆ ಧರ್ಮನಿಯಮದಲ್ಲಿ, ಮಾತ್ರ ರಾಜಿ ಇಲ್ಲ ಎಂದರು. ಧರ್ಮ ಬಿಡದೆಯೇ ಊರಿನ ಅಧಿಕೃತ ಸಮುದಾಯದಿಂದ ಹೊರಬರಲು ಅವಕಾಶ ಕೊಡುವ ಪ್ರಷ್ಯಾದ 1876ರ ಕಾನೂನಿಗೆ ಒತ್ತಾಯಿಸಿದವರಲ್ಲಿ ಅವರು ಮುಂಚೂಣಿ. ಕಾನೂನು ಬಂದ ಮೇಲೆ ಹೊರಬರುವುದು ಕಡ್ಡಾಯವೆಂದು ಹಿರ್ಷ್, ಬೇಕಿಲ್ಲವೆಂದು ವ್ಯೂರ್ಟ್ಸ್‌ಬರ್ಗಿನ ರಬ್ಬಿ ಬಾಂಬರ್ಗರ್. ಇಬ್ಬರೂ ಕಟ್ಟಾ ಆರ್ಥೊಡಾಕ್ಸ್! ಒಂದೇ ಊರಿನಲ್ಲಿ ಎರಡು ಯಹೂದಿ ಸಮುದಾಯ ಇರುವುದು ಸಹಜ ಎಂಬ ಯೋಚನೆಯೇ ಪೂರ್ತಿ ಆಧುನಿಕವಾದದ್ದು.

ರಿಫಾರ್ಮ್ ಕೂಡ ಒಂದೇ ದಿಕ್ಕಿಗೆ ಓಡಲಿಲ್ಲ. ಅಮೆರಿಕದ 1885ರ ಪಿಟ್ಸ್‌ಬರ್ಗ್ ಘೋಷಣೆ ಆಹಾರನಿಯಮಗಳನ್ನು ಕೈಬಿಟ್ಟಿತು, ಪ್ಯಾಲೆಸ್ತೀನಿಗೆ ಮರಳುವ ನಿರೀಕ್ಷೆ ತಮಗಿಲ್ಲ ಎಂದಿತು. 1937ರ ಕೊಲಂಬಸ್ ಘೋಷಣೆ ಆ ಎರಡನೇ ಮಾತನ್ನು ತಿರುಗಿಸಿತು. 1999ರ ಹೊತ್ತಿಗೆ ಅದೇ ಪಂಗಡ ಆಚರಣೆಗಳ ಕಡೆಗೆ, ಹೀಬ್ರೂ ಕಡೆಗೆ ಮತ್ತೆ ವಾಲಿತ್ತು.

ತಂತಿ ಕಂಬ:

ತಂತ್ರಜ್ಞಾನದ ಪ್ರಶ್ನೆ ನನಗಿರಲಿ. ರಬ್ಬಿಗಳು ಹೊಸ ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಿಲ್ಲ. ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡುತ್ತಾರೆ, ಆಮೇಲೆ ತಾಲ್ಮುದ್ ಎಂಬ ಹಳೆಯ ನ್ಯಾಯಗ್ರಂಥದ ಯಾವ ಖಾನೆಗೆ ಬೀಳುತ್ತದೆ ಎಂದು ಹುಡುಕುತ್ತಾರೆ. ಶಬ್ಬತ್ ವಿಷಯದಲ್ಲಿ ನಿಷಿದ್ಧ ಕೆಲಸಗಳ ಖಾನೆಗಳು 39: ಬಿತ್ತುವುದು, ಬೇಯಿಸುವುದು, ಬರೆಯುವುದು, ಕಟ್ಟುವುದು, ಬೆಂಕಿ ಹೊತ್ತಿಸುವುದು ಹೀಗೆ.

ಕರೆಂಟನ್ನೇ ತೆಗೆದುಕೊಳ್ಳಿ. ಹಳೆಯ ಬಲ್ಬಿನಲ್ಲಿ ಲೋಹದ ತಂತಿ ಕಾದು ಕೆಂಪಾಗುತ್ತದೆ, ಕಾದ ಲೋಹ ಬೆಂಕಿಗೆ ಸಮಾನ ಎಂದು ಮಧ್ಯಯುಗದ ಪಂಡಿತ ಮೈಮನಿಡೀಸನೇ ಹೇಳಿರುವುದರಿಂದ ಅಲ್ಲಿ ಹೆಚ್ಚು ತಕರಾರಿಲ್ಲ. ಫ್ಯಾನು, ಟೆಲಿಫೋನು ಬಂದಾಗ ಕಷ್ಟ ಶುರು. ಅಲ್ಲಿ ಕಾಯುವ ತಂತಿ ಇಲ್ಲ. ಸರ್ಕ್ಯೂಟ್ ಪೂರ್ಣಗೊಳಿಸಿದರೆ ನಿರ್ಜೀವ ತಂತಿಗೆ ಜೀವ ಬರುತ್ತದೆ, ಅದು ಕಟ್ಟಡ ಕಟ್ಟಿದ ಹಾಗೆ ಎಂದು ಬ್ನೆ ಬ್ರಾಕಿನ ರಬ್ಬಿ ಹಜೋನ್ ಇಶ್ (1878–1953) ವಾದಿಸಿದರು. ಜೆರುಸಲೇಮಿನ ಶ್ಲೋಮೊ ಜಾಲ್ಮನ್ ಆವರ್‌ಬಾಖ್ (1910–1995) ಆ ವಾದವನ್ನು ಎಳೆ ಎಳೆಯಾಗಿ ಬಿಡಿಸಿದರು: ದಿನಕ್ಕೆ ಹತ್ತು ಸಲ ಹಚ್ಚಿ ಆರಿಸಲೆಂದೇ ಇರುವ ಸ್ವಿಚ್ಚನ್ನು ಒತ್ತುವುದು ಕಟ್ಟುವುದೂ ಅಲ್ಲ, ಕೆಡವುವುದೂ ಅಲ್ಲ. ಶಾಖ, ಬೆಳಕು ಇಲ್ಲದ ಕಡೆ ಕಟ್ಟುನಿಟ್ಟಾಗಿ ನೋಡಿದರೆ ನಿಷೇಧಕ್ಕೆ ಆಧಾರ ಸಾಲದು, ಆದರೂ ಜನ ಒಪ್ಪಿ ನಡೆಸಿಕೊಂಡು ಬಂದ ರೂಢಿ ಇರುವುದರಿಂದ ಮುಟ್ಟಬೇಡಿ ಎಂದರು. ಇಬ್ಬರ ತೀರ್ಮಾನ ಒಂದೇ, ಆದರೆ ಕಾರಣ ಬೇರೆಯಾದ್ದರಿಂದ ಪರಿಣಾಮವೂ ಬೇರೆ. ರೋಗಿಗೆ ಶ್ರವಣಯಂತ್ರ, ಆಸ್ಪತ್ರೆಯ ಕರೆಗಂಟೆ ಇಂಥ ಕಡೆ ಎಷ್ಟು ಸಡಿಲ ಮಾಡಬಹುದು ಎಂಬುದು ಈ ಕಾರಣದ ಮೇಲೇ ನಿಂತಿದೆ. 1950ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಸಮಿತಿ ಬಹುಮತದಿಂದ ಶಬ್ಬತ್ ದಿನ ಕರೆಂಟ್ ಬಳಕೆಗೂ ಸಿನಗಾಗಿಗೆ ಕಾರಿನಲ್ಲಿ ಹೋಗುವುದಕ್ಕೂ ಅನುಮತಿ ಕೊಟ್ಟಿತು. ಕಾರಿನ ಅನುಮತಿ ದುಬಾರಿಯಾಯಿತು ಎಂದು ಆ ಪಂಗಡದವರೇ ಆಮೇಲೆ ಟೀಕಿಸಿದ್ದಾರೆ, ಯಾಕೆಂದರೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡುವ ಅಗತ್ಯ ಹೋಯಿತು, ಅದರ ಹಿಂದೆಯೇ ನೆರೆಹೊರೆಯೂ ಹೋಯಿತು.

ಶಬ್ಬತ್ ಲಿಫ್ಟ್ ಎಂದರೆ ಬಟನ್ ಒತ್ತದೆಯೇ ಪ್ರತಿ ಮಹಡಿಯಲ್ಲೂ ತಾನಾಗಿ ನಿಂತು ಹೊರಡುವ ಲಿಫ್ಟ್. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಬಾಗಿಲಿನ ಸೆನ್ಸರ್ ನಿಮ್ಮ ಮೈ ಅಡ್ಡ ಬಂದಾಗ ಪ್ರತಿಕ್ರಿಯಿಸುತ್ತದೆ. ಕೆಳಗಿಳಿಯುವಾಗ ಜನರ ಭಾರವೇ ಮೋಟಾರನ್ನು ತಿರುಗಿಸಲು ನೆರವಾಗುತ್ತದೆ, ಹಾಗಾಗಿ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ತೊಡಕು ಎಂದು ಒಂದು ಪಕ್ಷ. 2009ರಲ್ಲಿ ಇಸ್ರೇಲಿನ ಕೆಲವು ಹಿರಿಯ ಹರೇದಿ (ಅತಿ ಕಟ್ಟಾ ಆರ್ಥೊಡಾಕ್ಸ್) ರಬ್ಬಿಗಳು ಈ ಲಿಫ್ಟುಗಳ ವಿರುದ್ಧವೇ ಹೇಳಿಕೆ ಕೊಟ್ಟರು. ಮನೆಯ ಓವನ್ನಿನಲ್ಲಿ ಕೈಕೊಡುವುದು ಬೇರೆ ಭಾಗಗಳು: 12 ಗಂಟೆಗೆ ತಾನಾಗಿ ಆರುವ ಟೈಮರ್, ಬಾಗಿಲು ತೆರೆದರೆ ಹತ್ತುವ ದೀಪ, ಪರದೆಯ ಅಂಕಿ. ಶಬ್ಬತ್ ಮೋಡ್ ಈ ಮೂರನ್ನೂ ಸುಮ್ಮನಾಗಿಸುತ್ತದೆ, ಅಷ್ಟೇ. ಅದರಿಂದ ಶಬ್ಬತ್ ದಿನ ಹೊಸದಾಗಿ ಬೇಯಿಸಲು ಪರವಾನಗಿ ಸಿಕ್ಕ ಹಾಗಲ್ಲ.

ನನ್ನ ಪ್ರಕಾರ ಹೆಚ್ಚು ಕುತೂಹಲದ್ದು ಏರುವ್. ಶಬ್ಬತ್ ದಿನ ಮನೆಯಿಂದ ಹೊರಗೆ ಏನನ್ನೂ ಹೊತ್ತೊಯ್ಯುವಂತಿಲ್ಲ, ಮಗುವನ್ನು ಕೂರಿಸಿದ ಗಾಡಿಯನ್ನು ತಳ್ಳುವಂತೆಯೂ ಇಲ್ಲ. ಇಡೀ ಬಡಾವಣೆಯನ್ನು ಒಂದೇ ಆವರಣ ಮಾಡಿಬಿಟ್ಟರೆ ಹೊರಬಹುದು. ಗೋಡೆ ಬೇಕಿಲ್ಲ, ಬಾಗಿಲ ಚೌಕಟ್ಟುಗಳ ಸಾಲು ಸಾಕು: ಎರಡು ಕಂಬ, ಮೇಲೊಂದು ತಂತಿ. ಕಂಬದ ಎತ್ತರ ಕನಿಷ್ಠ 10 ತೆಫಾಹ್ (ತೆಫಾಹ್ ಎಂದರೆ ಒಂದು ಅಂಗೈ ಅಗಲ), ಲೆಕ್ಕ ಹಾಕುವವರನ್ನು ಅನುಸರಿಸಿ 80 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. ತಂತಿ ಕಂಬದ ನೆತ್ತಿಯ ಮೇಲೆ ಹಾಯಬೇಕು, ಪಕ್ಕಕ್ಕೆ ಕಟ್ಟಿದ್ದರೆ ಅಸಿಂಧು. ದೀಪದ ಕಂಬ, ಟೆಲಿಫೋನ್ ಕಂಬಗಳಲ್ಲಿ ತಂತಿ ಸಾಮಾನ್ಯವಾಗಿ ಪಕ್ಕಕ್ಕೇ ಇರುತ್ತದಲ್ಲ, ಅದಕ್ಕೆ ತಂತಿಯ ಸರಿ ಕೆಳಗೆ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಕಂಬಕ್ಕೆ ಹೊಡೆಯುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಆ ಪಟ್ಟಿಯೇ ಕಂಬ. ಅದು ನೆಲದಿಂದ 3 ತೆಫಾಹ್‌ಗಿಂತ, ಅಂದರೆ ಸುಮಾರು 24ರಿಂದ 30 ಸೆಂಟಿಮೀಟರಿಗಿಂತ, ಮೇಲೆ ಶುರುವಾದರೆ ಲೆಕ್ಕಕ್ಕಿಲ್ಲ. ಕೆಡುವುದು ಹೀಗೆ: ಬಿರುಗಾಳಿಗೆ ತಂತಿ ಕಡಿಯುತ್ತದೆ, ಲೈನ್ ರಿಪೇರಿಗೆ ಬಂದವರು ತಂತಿಯನ್ನು ಒಂದಡಿ ಸರಿಸುತ್ತಾರೆ, ಪಟ್ಟಿ ಅದರ ನೇರ ತಪ್ಪುತ್ತದೆ. ಹಾಗಾಗಿ ಪ್ರತಿ ವಾರ ಶುಕ್ರವಾರ ಸೂರ್ಯಾಸ್ತಕ್ಕೆ ಮುಂಚೆ ಪೂರ್ತಿ ಸುತ್ತಿ ನೋಡಲು ಒಬ್ಬರಿರುತ್ತಾರೆ. ತಂತಿ ಜೊತೆ ಇನ್ನೆರಡು ಕೆಲಸ ಇದೆ. ನಗರಾಡಳಿತದಿಂದ ನಾಮಮಾತ್ರದ ಮೊತ್ತಕ್ಕೆ ಆ ಜಾಗವನ್ನು ಬಾಡಿಗೆಗೆ ಪಡೆಯಬೇಕು, ಎಲ್ಲರಿಗೂ ಸೇರಿದ ಆಹಾರವೆಂದು ಒಂದಿಷ್ಟು ಮಾತ್ಜಾ (ಹುಳಿ ಬರಿಸದ ತೆಳು ರೊಟ್ಟಿ) ಎತ್ತಿಡಬೇಕು, ಅದು ಬೇಗ ಕೆಡುವುದಿಲ್ಲವಾದ್ದರಿಂದ. ಇಷ್ಟೆಲ್ಲ ಆದರೂ ಬಿಡುಬೀಸಾದ ಮಹಾನಗರದ ಬೀದಿಗೆ ಇದು ನಡೆಯುವುದೇ ಎಂಬ ವಾದ ನಿಂತಿಲ್ಲ. ಮ್ಯಾನ್‌ಹಟನ್ ಏರುವ್‌ಗೆ 1962ರಲ್ಲಿ ರಬ್ಬಿ ಮೋಶೆ ಫೈನ್‌ಸ್ಟೈನ್ ಅವರೇ ವಿರುದ್ಧವಿದ್ದರು.

ಯಂತ್ರದ ರೊಟ್ಟಿ ಕೇಳಿದಿರಿ. ಪಾಸ್ಕ ಹಬ್ಬದ ಮಾತ್ಜಾ, ಹಿಟ್ಟಿಗೆ ನೀರು ಸೇರಿದ 18 ನಿಮಿಷದೊಳಗೆ ಒಲೆ ಸೇರಬೇಕು, ಇಲ್ಲವಾದರೆ ಹಿಟ್ಟು ಹುಳಿಯಿತೆಂದು ಲೆಕ್ಕ. 1838ರಲ್ಲಿ ಅಲ್ಸಾಸಿನಲ್ಲಿ ಲಟ್ಟಿಸುವ ಯಂತ್ರ ಬಂತು, 1859ರಲ್ಲಿ ದೊಡ್ಡ ಜಗಳವೇ ಆಯಿತು. ಬ್ರೋಡಿಯ ಶ್ಲೋಮೊ ಕ್ಲೂಗರ್ ಬೇಡವೆಂದರು, ಲೆಂಬರ್ಗಿನ ಯೋಸೆಫ್ ಶೌಲ್ ನಾಥನ್ಸನ್ ಅಡ್ಡಿಯಿಲ್ಲ ಎಂದರು. ವಿರೋಧಕ್ಕಿದ್ದ ಕಾರಣಗಳು ಗಟ್ಟಿಯಾಗಿಯೇ ಇದ್ದವು: ಹಲ್ಲುಚಕ್ರದ ಸಂದಿಯಲ್ಲಿ ಸಿಕ್ಕಿಬಿದ್ದ ಹಿಟ್ಟು ಹುಳಿಯುತ್ತದೆ. ದುಂಡಗೆ ಕತ್ತರಿಸಿ ಉಳಿದ ಮೂಲೆಗಳನ್ನು ಮತ್ತೆ ನಾದಲು ಹೋದರೆ ಸಮಯ ಮೀರುತ್ತದೆ. ಯಂತ್ರಕ್ಕೆ ಧಾರ್ಮಿಕ ಸಂಕಲ್ಪವೆಂಬುದಿಲ್ಲ. ಪಾಸ್ಕದ ಖರ್ಚಿಗೆ ಇದೇ ಕೂಲಿಯನ್ನು ನಂಬಿದ್ದ ಬಡ ಹೆಂಗಸರ ಹೊಟ್ಟೆಯ ಮೇಲೆ ಹೊಡೆತ. ಮೂಲೆ ಉಳಿಯದಂತೆ ಚೌಕದ ಮಾತ್ಜಾ ಬಂತು, ಒಂದು ತೊಡಕು ಹೋಯಿತು. ಹಸಿದಿಮರಲ್ಲಿ (ಭಕ್ತಿಪಂಥದ ಕಟ್ಟಾ ಯಹೂದಿಗಳಲ್ಲಿ) ಬಹಳ ಮಂದಿ ಇಂದಿಗೂ ಕೈಯಲ್ಲಿ ಲಟ್ಟಿಸಿದ ದುಂಡು ಮಾತ್ಜಾವನ್ನೇ ತಿನ್ನುತ್ತಾರೆ.

ಇನ್ನು ಕಾರ್ಖಾನೆಯ ಆಹಾರ. 1935ರಲ್ಲಿ ಅಟ್ಲಾಂಟಾದ ರಬ್ಬಿ ಟೊಬಾಯಸ್ ಗೆಫೆನ್ ಕೋಕಾ-ಕೋಲಾದ ಪದಾರ್ಥಗಳನ್ನು ಪರಿಶೀಲಿಸಿದಾಗ ಪ್ರಾಣಿಕೊಬ್ಬಿನಿಂದ ತೆಗೆದ ಗ್ಲಿಸರಿನ್ ಸಿಕ್ಕಿತು. ಪ್ರಮಾಣ 60ರಲ್ಲಿ ಒಂದು ಪಾಲಿಗಿಂತ ಎಷ್ಟೋ ಕಡಿಮೆ. ಅಕಸ್ಮಾತ್ ಬಿದ್ದಿದ್ದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಬೇಕೆಂದೇ ಹಾಕುವ ಪದಾರ್ಥಕ್ಕೆ ಆ ರಿಯಾಯಿತಿ ಇಲ್ಲ. ಕಂಪನಿ ಸಸ್ಯಜನ್ಯ ಗ್ಲಿಸರಿನ್‌ಗೆ ಬದಲಾಯಿಸಿತು. ಇಂದಿನ ಕೋಷರ್ (ಯಹೂದಿ ಆಹಾರನಿಯಮದ) ತಪಾಸಣೆ ನಡೆಯುವುದು ಈ ದಾರಿಯಲ್ಲೇ: ಅಡುಗೆಮನೆಯ ಜ್ಞಾನ ಸಾಲದು, ಕಚ್ಚಾವಸ್ತು ಪೂರೈಸುವವರ ಸರಪಳಿಯೇ ಗೊತ್ತಿರಬೇಕು.

ಕರಾರುಪತ್ರ:

ಹಳೆ ದಸ್ತಾವೇಜು ಅವರು ಹೇಳಿದ ಅಧಿಕಾರದ ಮಾತು ಎಲ್ಲಕ್ಕಿಂತ ನೋಯಿಸುವುದು ವಿಚ್ಛೇದನದಲ್ಲಿ.

ಯಹೂದಿ ವಿಚ್ಛೇದನ ಆಗುವುದು ನ್ಯಾಯಾಧೀಶರ ಆದೇಶದಿಂದಲ್ಲ. ಗಂಡ ಗೆಟ್ ಎಂಬ ಪತ್ರವನ್ನು ಹೆಂಡತಿಯ ಕೈಗೆ ಕೊಡಬೇಕು. ಲಿಪಿಕಾರ ಅವಳಿಗಾಗಿಯೇ, ಗಂಡನ ಮಾತಿನ ಮೇಲೆ, 12 ಸಾಲುಗಳಲ್ಲಿ ಕೈಯಿಂದ ಬರೆಯಬೇಕು. ಮುದ್ರಿತ ನಮೂನೆ ತುಂಬುವಂತಿಲ್ಲ. ಕಾಗದ, ಶಾಯಿಗೂ ಆ ಹೊತ್ತಿಗೆ ಗಂಡನೇ ಒಡೆಯ ಆಗಿರಬೇಕು, ಅದಕ್ಕೆ ಲಿಪಿಕಾರ ಮೊದಲು ಅವನ್ನು ಅವನಿಗೆ ದಾನ ಕೊಡುತ್ತಾನೆ. ಊರಿನ ಹೆಸರಿನ ಜೊತೆ ನದಿಯ ಹೆಸರು, ಇಬ್ಬರ ಹೆಸರು, ಕರೆಯುವ ಹೆಸರು, ತಂದೆಯ ಹೆಸರು. ಅಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಇಬ್ಬರು ಸಾಕ್ಷಿಗಳ ಸಹಿ. ಕೊಟ್ಟಾದ ಮೇಲೆ ಆ ಪತ್ರವನ್ನು ಕತ್ತರಿಸಿ ನ್ಯಾಯಾಲಯದಲ್ಲೇ ಇಟ್ಟುಕೊಂಡು ಪ್ರಮಾಣಪತ್ರ ಕೊಡುತ್ತಾರೆ. ಅವಳು ಮರುಮದುವೆಗೆ 92 ದಿನ ಕಾಯಬೇಕು.

ಗಂಡ ಸ್ವಇಚ್ಛೆಯಿಂದ ಕೊಡಬೇಕು ಎಂಬುದೇ ಗಂಟು. ಕೆಹಿಲ್ಲಾ ಇದ್ದಾಗ ರಬ್ಬಿ ನ್ಯಾಯಾಲಯ ಅವನನ್ನು ಬಗ್ಗಿಸಬಲ್ಲದಾಗಿತ್ತು. ರಾಜ್ಯ ಆ ಬಲ ಕಿತ್ತುಕೊಂಡು ಸರ್ಕಾರಿ ವಿಚ್ಛೇದನ ತಂದ ಮೇಲೆ ಅವನು ಕೋರ್ಟಿನಲ್ಲಿ ಬೇರೆಯಾಗಿ, ಗೆಟ್ ಮಾತ್ರ ತಡೆಹಿಡಿದು, ಹಣ ಕೇಳಬಹುದು. ಅವಳು ಅಗುನಾ, ಅಂದರೆ ಕಟ್ಟಿಹಾಕಿದವಳು. ಹಾಗೇ ಮರುಮದುವೆಯಾದರೆ ಹುಟ್ಟುವ ಮಗು ಮಮ್ಜೇರ್ ಆಗುತ್ತದೆ, ಅಂದರೆ ಸಾಮಾನ್ಯ ಯಹೂದಿಯನ್ನು ಮದುವೆಯಾಗುವಂತಿಲ್ಲ.

ಇದಕ್ಕೆ ಪಂಗಡಗಳು ಕಂಡುಕೊಂಡ ದಾರಿ ಒಂದೊಂದು ತರಹ. ರಿಫಾರ್ಮ್ ರಬ್ಬಿಗಳು 1869ರಲ್ಲೇ ಫಿಲಡೆಲ್ಫಿಯಾದಲ್ಲಿ ಸರ್ಕಾರಿ ವಿಚ್ಛೇದನವೇ ಸಾಕು ಎಂದರು. ಕನ್ಸರ್ವೇಟಿವರು 1950ರ ದಶಕದಲ್ಲಿ ಮದುವೆಯ ಕೆತುಬಾ ಪತ್ರಕ್ಕೇ ಒಂದು ಷರತ್ತು ಸೇರಿಸಿದರು. ಅಮೆರಿಕದ ಆರ್ಥೊಡಾಕ್ಸ್ ರಬ್ಬಿಗಳು 1990ರ ದಶಕದಿಂದ ಮದುವೆಗೆ ಮುಂಚಿನ ಕರಾರನ್ನು ಬಳಸುತ್ತಾರೆ. ಬೇರೆಯಾಗಿ ಬದುಕಲು ಶುರುವಾದ ದಿನದಿಂದ ಗೆಟ್ ಕೊಡುವವರೆಗೆ ಗಂಡ ದಿನಕ್ಕೆ ಇಷ್ಟೆಂದು, ಸಾಮಾನ್ಯವಾಗಿ 150 ಡಾಲರ್, ಜೀವನಾಂಶ ಕೊಡಬೇಕು. ಇದನ್ನು ದಂಡ ಎಂದು ಬರೆದರೆ ಕೆಲಸ ಕೆಡುತ್ತದೆ, ಬಲವಂತದ ಗೆಟ್ ಅಸಿಂಧು ಎನ್ನುವ ಆಕ್ಷೇಪ ಬರುತ್ತದೆ. ಜೀವನಾಂಶ ಎಂದರೆ ಅದು ಮದುವೆಯಲ್ಲೇ ಒಪ್ಪಿಕೊಂಡ ಹಳೆಯ ಬಾಧ್ಯತೆ, ರಬ್ಬಿ ನ್ಯಾಯಾಲಯಕ್ಕೂ ಸರಿ, ಸರ್ಕಾರಿ ಕೋರ್ಟಿಗೂ ಸರಿ. ಜಾಣತನವೆಲ್ಲ ಆ ಒಂದು ಕಲಮಿನಲ್ಲಿದೆ. ಇಸ್ರೇಲಿನಲ್ಲಿ 1953ರ ಕಾನೂನಿನಿಂದ ಯಹೂದಿಗಳ ಮದುವೆ, ವಿಚ್ಛೇದನ ರಬ್ಬಿ ನ್ಯಾಯಾಲಯದ ಕೈಯಲ್ಲೇ ಇವೆ. 1995ರಿಂದ ಆ ನ್ಯಾಯಾಲಯ ಹಠಮಾರಿ ಗಂಡನ ಡ್ರೈವಿಂಗ್ ಲೈಸೆನ್ಸ್ ರದ್ದು ಮಾಡಬಹುದು, ದೇಶ ಬಿಡದಂತೆ ತಡೆಯಬಹುದು, ಜೈಲಿಗೂ ಕಳಿಸಬಹುದು. ಆದರೂ ಕೆಲವರು ಜೈಲಿನಲ್ಲೇ ಕೂರುತ್ತಾರೆ.

ಯಾರು ಯಹೂದಿ ಎಂಬುದೂ ಇದರ ಜೊತೆಗೇ ಹೆಣೆದುಕೊಂಡಿದೆ. ಹಲಾಖಾ ಪ್ರಕಾರ ಯಹೂದಿ ತಾಯಿಯ ಮಗು, ಇಲ್ಲವೇ ವಿಧಿವತ್ತಾಗಿ ಮತಾಂತರವಾದವರು. 1983ರಲ್ಲಿ ಅಮೆರಿಕದ ರಿಫಾರ್ಮ್ ರಬ್ಬಿಗಳು ತಂದೆ ಮಾತ್ರ ಯಹೂದಿಯಾಗಿದ್ದರೂ ಸರಿ, ಮಗು ಯಹೂದಿಯಾಗಿ ಬೆಳೆದಿರಬೇಕು ಎಂದು ಒಪ್ಪಿದರು. ಹೀಗೆ ಒಂದು ಪಂಗಡಕ್ಕೆ ಯಹೂದಿ, ಇನ್ನೊಂದಕ್ಕೆ ಅಲ್ಲ ಎನ್ನುವ ಜನ ಹುಟ್ಟಿಕೊಂಡರು. ಇಸ್ರೇಲಿನಲ್ಲಿ ಎರಡು ವ್ಯಾಖ್ಯಾನ ಒಟ್ಟಿಗೆ ಇವೆ. 1950ರ ಮರಳುವಿಕೆಯ ಕಾನೂನಿಗೆ 1970ರಲ್ಲಿ ಆದ ತಿದ್ದುಪಡಿ, ಯಹೂದಿಯ ಮಗ, ಮಗಳು, ಮೊಮ್ಮಕ್ಕಳು ಮತ್ತು ಅವರ ಸಂಗಾತಿಗಳಿಗೂ ಬರುವ ಹಕ್ಕು ಕೊಡುತ್ತದೆ. ಆದರೆ ಮದುವೆಗೆ ರಬ್ಬಿಗಳ ಅಳತೆಯೇ ಬೇರೆ. ಸೋವಿಯತ್ ಒಕ್ಕೂಟದಿಂದ ಬಂದ ಲಕ್ಷಾಂತರ ಮಂದಿ ಪೌರರಾದರು, ಸೈನ್ಯದಲ್ಲಿ ದುಡಿದರು, ಮದುವೆ ಮಾತ್ರ ವಿದೇಶದಲ್ಲಿ ಮಾಡಿಕೊಳ್ಳಬೇಕಾಯಿತು. ಭಾರತದಿಂದ ಹೋದ ಬೆನೆ ಇಸ್ರೇಲಿಗಳ ವಂಶಾವಳಿಯನ್ನೇ ಮದುವೆಗೆ ಮುಂಚೆ ಕೆದಕಬೇಕೆಂದು 1960ರ ದಶಕದ ಆರಂಭದಲ್ಲಿ ಮುಖ್ಯ ರಬ್ಬಿಗಳ ಕಚೇರಿ ಸುತ್ತೋಲೆ ಹೊರಡಿಸಿತ್ತು. 1964ರಲ್ಲಿ ಜೆರುಸಲೇಮಿನಲ್ಲಿ ಪ್ರತಿಭಟನೆ ನಡೆದು, ಸಂಸತ್ತು ಮಧ್ಯೆ ಬಂದ ಮೇಲೆ ಅದು ಬದಲಾಯಿತು. 2021ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಸ್ರೇಲಿನೊಳಗೆ ಆದ ರಿಫಾರ್ಮ್, ಕನ್ಸರ್ವೇಟಿವ್ ಮತಾಂತರಗಳೂ ಪೌರತ್ವಕ್ಕೆ ಸಲ್ಲುತ್ತವೆ ಎಂದಿತು. ಮದುವೆಗೆ ಈಗಲೂ ಸಲ್ಲುವುದಿಲ್ಲ.

ಬಾಗ್ದಾದಿನ ಓದು:

ಮೇಲಿನ ಮೂವರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಒಂದು ತಕರಾರು. ಹಳೆ ದಸ್ತಾವೇಜು ಅವರ ಕಥೆ ಪೂರ್ತಿ ಅಷ್ಕೆನಾಜಿ ಕಥೆ, ಯುರೋಪಿನ ಮಧ್ಯಭಾಗದ್ದು. ಬಾಗ್ದಾದ್, ಅಲೆಪ್ಪೊ, ಫೆಜ್, ಸಾಲೊನಿಕಾಗಳಲ್ಲಿ ಪಂಗಡಗಳು ಒಡೆಯಲೇ ಇಲ್ಲ. ಇವುಗಳಲ್ಲಿ ಫೆಜ್ ಬಿಟ್ಟು ಉಳಿದ ಊರುಗಳನ್ನು ಆಳುತ್ತಿದ್ದ ಒಟ್ಟೋಮನ್ ಆಡಳಿತ ಸಮುದಾಯದ ಸ್ವಾಯತ್ತತೆಯನ್ನು ಕಿತ್ತುಹಾಕುವ ಬದಲು 1835ರಲ್ಲಿ ಹಹಾಂ ಬಾಷಿ ಎಂಬ ಮುಖ್ಯ ರಬ್ಬಿ ಹುದ್ದೆಗೆ ಅಧಿಕೃತ ಮಾನ್ಯತೆ ಕೊಟ್ಟಿತು. ಸಿದ್ಧಾಂತವಾಗಿ ಸವಾಲೆಸೆಯುವ ರಿಫಾರ್ಮ್ ಅಲ್ಲಿರಲಿಲ್ಲ, ಎದುರು ನಿಲ್ಲಲು ಆರ್ಥೊಡಾಕ್ಸ್ ಎಂಬ ಪಕ್ಷವೂ ಬೇಕಾಗಲಿಲ್ಲ. ಕಡಿಮೆ ಪಾಲಿಸುವವನೂ ಅದೇ ಸಿನಗಾಗಿಗೆ ಬರುತ್ತಿದ್ದ.

ಆಧುನಿಕತೆ ಅಲ್ಲಿಗೆ ಬೇರೆ ಬಾಗಿಲಿನಿಂದ ಬಂತು. 1860ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಅಲಿಯಾನ್ಸ್ ಸಂಸ್ಥೆ ಮೊರಾಕೊದಿಂದ ಇರಾನಿನವರೆಗೆ ಫ್ರೆಂಚ್ ಶಾಲೆಗಳನ್ನು ತೆರೆಯಿತು, ಹೆಣ್ಣುಮಕ್ಕಳಿಗೂ. ಅಲ್ಜೀರಿಯಾದ ಯಹೂದಿಗಳಿಗೆ 1870ರ ಕ್ರೆಮ್ಯೂ ಆದೇಶ ಫ್ರೆಂಚ್ ಪೌರತ್ವ ಕೊಟ್ಟಿತು. ಬಾಗ್ದಾದಿನ ಯೋಸೆಫ್ ಹಯ್ಯಿಂ (1835–1909) ಅವರಂಥ ರಬ್ಬಿಗಳು ಹೊಸ ವಸ್ತುಗಳ ಬಗ್ಗೆ ತೀರ್ಪು ಕೊಡುವಾಗ ಪಂಗಡದ ಕಾವಲು ಕಾಯುವ ದನಿ ಅಷ್ಟಾಗಿ ಕಾಣುವುದಿಲ್ಲ. 1920ರಲ್ಲಿ ಪ್ಯಾಲೆಸ್ತೀನಿನ ಯಹೂದಿ ಸಭೆಗೆ ಹೆಂಗಸರು ಮತ ಹಾಕಬಹುದೇ ಎಂಬ ಚರ್ಚೆಯಲ್ಲಿ, ಅಷ್ಕೆನಾಜಿ ರಬ್ಬಿ ಕೂಕ್ ವಿರೋಧಿಸಿದರು. ಮುಂದೆ ಸೆಫಾರ್ದಿಗಳ (ಸ್ಪೇನ್ ಮೂಲದ ಮತ್ತು ಪೂರ್ವದ ಯಹೂದಿಗಳ) ಮುಖ್ಯ ರಬ್ಬಿಯಾದ ಬೆನ್-ಜಿಯೋನ್ ಉಜಿಯೆಲ್ ಮತ ಹಾಕುವ ಹಕ್ಕಷ್ಟೇ ಅಲ್ಲ, ಆಯ್ಕೆಯಾಗುವ ಹಕ್ಕನ್ನೂ ಎತ್ತಿಹಿಡಿದರು.

1948ರ ನಂತರ ಈ ಸಮುದಾಯಗಳ ಹೆಚ್ಚಿನವರು ಇಸ್ರೇಲ್, ಫ್ರಾನ್ಸ್ ಸೇರಿದರು. ಇಸ್ರೇಲಿನಲ್ಲಿ ಹುಡುಗರು ಅಷ್ಕೆನಾಜಿ ಯೆಶಿವಾಗಳಲ್ಲಿ (ಧರ್ಮಪಾಠಶಾಲೆಗಳಲ್ಲಿ) ಓದಿ ಅಲ್ಲಿನ ಬಿಗಿ, ಕಪ್ಪು ಟೋಪಿ, ಕಪ್ಪು ಕೋಟು ಎಲ್ಲವನ್ನೂ ಹಚ್ಚಿಕೊಂಡರು. ಓವಾದ್ಯಾ ಯೋಸೆಫ್ (1920–2013) ಇದನ್ನು ತಿರುಗಿಸಲು ಸೆಫಾರ್ದಿ ತೀರ್ಪಿನ ಪರಂಪರೆಯನ್ನು ಮತ್ತೆ ನಿಲ್ಲಿಸಿದರು, ಇಥಿಯೋಪಿಯಾದವರನ್ನು 1973ರಲ್ಲಿ ಯಹೂದಿಗಳೆಂದು ಗುರುತಿಸಿದರು, 1984ರಲ್ಲಿ ಶುರುವಾದ ಶಾಸ್ ಪಕ್ಷದ ಗುರುವಾದರು. ಶಾಸ್ ಓಟುಗಾರರಲ್ಲಿ ಎಷ್ಟೋ ಮಂದಿ ಅಷ್ಕೆನಾಜಿ ಅರ್ಥದಲ್ಲಿ ಹರೇದಿಗಳಲ್ಲ. ಶುಕ್ರವಾರ ರಾತ್ರಿ ಶಬ್ಬತ್‌ನ ಕಿದ್ದುಷ್ ಪ್ರಾರ್ಥನೆ ಹೇಳಿ ಶನಿವಾರ ಫುಟ್‌ಬಾಲ್ ನೋಡುವವರು. ಈ ಜನರನ್ನು ಮೂರು ಪಂಗಡಗಳ ಯಾವ ಖಾನೆಗೆ ಹಾಕುತ್ತೀರಿ?

ಹಳೆ ದಸ್ತಾವೇಜು:

ತಕರಾರು ನ್ಯಾಯವಾದದ್ದೇ. ಮೂರು ಪಂಗಡದ ನಕ್ಷೆ ಜರ್ಮನಿ, ಹಂಗೆರಿ, ಅಮೆರಿಕಕ್ಕೆ ಮಾತ್ರ ಹೊಂದುತ್ತದೆ. ಅಮೆರಿಕದಲ್ಲೂ ಅದು ಸವೆಯುತ್ತಿದೆ: ಪ್ಯೂ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ವಯಸ್ಕ ಯಹೂದಿಗಳಲ್ಲಿ ಶೇ. 37 ರಿಫಾರ್ಮ್, ಶೇ. 17 ಕನ್ಸರ್ವೇಟಿವ್, ಶೇ. 9 ಆರ್ಥೊಡಾಕ್ಸ್. ಶೇ. 32 ಮಂದಿ ಯಾವ ಪಂಗಡವೂ ಅಲ್ಲ ಎಂದರು. ಆದರೆ ಒಟ್ಟೋಮನ್ ಕಡೆ ಒಡೆಯದೆ ಉಳಿದದ್ದು ಸಮುದಾಯದ ಅಧಿಕಾರ ಉಳಿದ ಕಾರಣಕ್ಕೇ ಅಲ್ಲವೇ? ಆ ಮಟ್ಟಿಗೆ ನನ್ನ ವಾದ ನಿಮ್ಮ ಉದಾಹರಣೆಯಿಂದ ಗಟ್ಟಿಯೇ ಆಯಿತು.

ಮೂರನೇ ಪುಟ:

ಎಲ್ಲರಿಗೂ ಧನ್ಯವಾದ, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಇನ್ನೊಂದು ಚಿಕ್ಕ ಪ್ರಶ್ನೆ. ಪಂಚಾಂಗಕ್ಕೆ ಹೊಸ ಹಬ್ಬ ಸೇರಿಸುವ ಅಧಿಕಾರ ಈಗ ಯಾರಿಗಿದೆ? ಇಸ್ರೇಲಿನ ಸ್ವಾತಂತ್ರ್ಯ ದಿನ ಧಾರ್ಮಿಕ ಹಬ್ಬವೋ ಸರ್ಕಾರಿ ರಜೆಯೋ?

ತಂತಿ ಕಂಬ:

ಉತ್ತರ ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲಿದೆ. ರಜೆ ಕೊಟ್ಟದ್ದು ಸಂಸತ್ತು. ಧಾರ್ಮಿಕ ಜಿಯೋನಿಸ್ಟರು (ಯಹೂದಿ ರಾಷ್ಟ್ರಕ್ಕೆ ಧಾರ್ಮಿಕ ಮಹತ್ವ ಕೊಡುವವರು) ಅಂದು ಹಬ್ಬದ ಸ್ತುತಿ ಹಲ್ಲೆಲ್ ಹೇಳುತ್ತಾರೆ. ಅದರ ಮುಂದೆ ಆಶೀರ್ವಚನ ಸೇರಿಸಬೇಕೇ ಬೇಡವೇ ಎಂಬುದರಲ್ಲಿ ಅವರೊಳಗೇ ಎರಡು ಗುಂಪು, ಯಾಕೆಂದರೆ ಅಗತ್ಯವಿಲ್ಲದ ಕಡೆ ದೇವರ ಹೆಸರೆತ್ತಿ ಆಶೀರ್ವಚನ ಹೇಳುವುದು ದೋಷ. ಹರೇದಿಗಳಲ್ಲಿ ಬಹುಪಾಲು ಅದನ್ನು ಮಾಮೂಲಿ ದಿನದಂತೆ ಕಳೆಯುತ್ತಾರೆ. ನಾಜಿ ಹತ್ಯಾಕಾಂಡದ ಸ್ಮರಣೆ ಇನ್ನೂ ತೊಡಕಿನದ್ದು. ಸಂಸತ್ತು 1951ರಲ್ಲಿ ನಿಸಾನ್ 27 ಎಂದು ಗೊತ್ತು ಮಾಡಿತು. ನಿಸಾನ್ ತಿಂಗಳಲ್ಲಿ ಶೋಕಾಚರಣೆ ಕೂಡದೆಂಬ ಹಳೆಯ ರೂಢಿ ಇದೆ, ರಬ್ಬಿಗಳಾದರೋ ಅದಕ್ಕೂ ಮೊದಲೇ ತೆವೆತ್ 10ರ ಉಪವಾಸದ ದಿನವನ್ನು, ಸತ್ತ ದಿನ ತಿಳಿಯದವರಿಗಾಗಿ ಕದ್ದಿಷ್ ಎಂಬ ಪ್ರಾರ್ಥನೆ ಹೇಳುವ ದಿನ ಮಾಡಿದ್ದರು.

ಸ್ವಾತಂತ್ರ್ಯ ದಿನದ ತಾರೀಖು ಹೊಂದಿಸುವ ರೀತಿಯಲ್ಲಿ ರಾಜ್ಯ ಮತ್ತು ರಬ್ಬಿಗಳ ಹೊಂದಾಣಿಕೆ ಚೆನ್ನಾಗಿ ಕಾಣುತ್ತದೆ. ನಿಜವಾದ ದಿನ ಇಯಾರ್ 5. ಪಂಚಾಂಗದ ಲೆಕ್ಕದಲ್ಲಿ ಅದು ಸೋಮ, ಬುಧ, ಶುಕ್ರ, ಶನಿ ಈ ನಾಲ್ಕು ವಾರಗಳಲ್ಲೇ ಬೀಳಲು ಸಾಧ್ಯ. ಶುಕ್ರವಾರ ಬಿದ್ದರೆ ಸಂಭ್ರಮ ಶಬ್ಬತ್‌ನೊಳಗೆ ನುಗ್ಗುತ್ತದೆ, ಶನಿವಾರವಂತೂ ಆಗದು, ಎರಡನ್ನೂ ಹಿಂದಿನ ಗುರುವಾರಕ್ಕೆ ತರುತ್ತಾರೆ. ಸೋಮವಾರ ಬಿದ್ದರೆ ಅದರ ಹಿಂದಿನ ಸೈನಿಕರ ಸ್ಮರಣೆ ದಿನ ಶನಿವಾರ ರಾತ್ರಿಯೇ ಶುರುವಾಗಬೇಕು, ಅದರ ಸಿದ್ಧತೆಗೆ ಜನ ಶಬ್ಬತ್ ಮುರಿಯಬೇಕಾಗುತ್ತದೆ. ಹಾಗಾಗಿ 2004ರಿಂದ ಅದನ್ನು ಮಂಗಳವಾರಕ್ಕೆ ತಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ, ಈಗ ಬುಧವಾರ ಬಿದ್ದ ವರ್ಷ ಮಾತ್ರ ಹಬ್ಬ ಇಯಾರ್ 5ರಂದೇ ನಡೆಯುತ್ತದೆ.